ದಪ್ಪಕ್ಷರದ ಪಾದ: ಮಂಗಳೂರು ಬಂದರಿನ ಕೆಲವು ಬರಹಗಳು

ಮಂಗಳೂರಿನ ಹಳೆಯ ಬಂದರಿನಲ್ಲಿ ಅಕ್ಷರವು ಮೊದಲು ಕಣ್ಣಿಗೆ ಬೀಳುವುದು ಸರಕಿನ ಮೈಮೇಲೆ. ಗೋಣಿಚೀಲದ ಹೊಟ್ಟೆಯಲ್ಲಿ, ಮರದ ಪೆಟ್ಟಿಗೆಯ ಪಕ್ಕದಲ್ಲಿ, ಗೋದಾಮಿನ ಬಾಗಿಲ ನೆತ್ತಿಯಲ್ಲಿ, ಲಕ್ಷದ್ವೀಪಕ್ಕೆ ಹೊರಡುವ ಮಂಜಿಯ ಮೂತಿಯಲ್ಲಿ, ತಲೆಯೆತ್ತಿ ನೋಡಿದರೆ ಮಾಡಿನ ಹಂಚಿನ ಒಳಮೈಯಲ್ಲಿ. ಅಡಿಕೆ, ಕಾಳುಮೆಣಸು, ಒಣಮೀನುಗಳ ವಾಸನೆ ಬೆರೆತ ಆ ಗಲ್ಲಿಗಳಲ್ಲಿ ತೆಳ್ಳಗಿನ, ಬಳುಕುವ ಅಕ್ಷರಕ್ಕೆ ಎಡೆಯಿಲ್ಲ. ಅಲ್ಲಿ ಬರಹವನ್ನು ಓದುವವರು ದೂರದಲ್ಲಿರುತ್ತಾರೆ, ಅವಸರದಲ್ಲಿರುತ್ತಾರೆ, ಅನೇಕ ವೇಳೆ ತಲೆಯ ಮೇಲೆ ಭಾರ ಹೊತ್ತಿರುತ್ತಾರೆ. ಅವರಿಗೆ ಬೇಕಾದದ್ದು ದಪ್ಪಕ್ಷರ.

ಈ ದಪ್ಪಕ್ಷರಗಳಲ್ಲಿ ಒಂದು ವಿಶಿಷ್ಟ ಕುಲವನ್ನು ಮುದ್ರಣಶಾಸ್ತ್ರವು ‘ಸ್ಲ್ಯಾಬ್ ಸೆರಿಫ್’ ಎಂದು ಗುರುತಿಸುತ್ತದೆ. ರೋಮನ್ ಅಕ್ಷರದ ಕಾಲಿನ ತುದಿಯಲ್ಲಿ ಅಡ್ಡಲಾಗಿ ಹಾಯುವ ಕಿರುಗೆರೆಗೆ ಸೆರಿಫ್ ಎಂದು ಹೆಸರು. ಸಾಮಾನ್ಯ ಪುಸ್ತಕದ ಅಕ್ಷರದಲ್ಲಿ ಅದು ಮೊನಚಾಗಿ, ಕೆಲವೊಮ್ಮೆ ಕೂದಲೆಳೆಯಷ್ಟು ತೆಳುವಾಗಿ ಮುಗಿಯುತ್ತದೆ. ಸ್ಲ್ಯಾಬ್ ಸೆರಿಫಿನಲ್ಲಿ ಕಂಬ ಎಷ್ಟು ದಪ್ಪವೋ ಪಾದವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ತುಂಡು ಹಲಗೆಯನ್ನು ಕಾಲಡಿಗೆ ಬಡಿದಂತೆ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ. ಅಚ್ಚುಕೂಟದ ಮಂದಿಗೆ ದಪ್ಪವಾದದ್ದೆಲ್ಲವೂ ‘ಬ್ಲ್ಯಾಕ್’. ‘ಹಲಗೆಪಾದದ ಅಕ್ಷರ’ ಎಂದು ಕರೆದರೆ ಅರ್ಥಕ್ಕೆ ಹತ್ತಿರವಾಗಬಹುದು. ಮೂಟೆ ಹೊತ್ತು, ಕಾಲು ಅಗಲಿಸಿ, ಒಂದು ಕ್ಷಣ ತೂಕ ಹೊಂದಿಸಿಕೊಳ್ಳುತ್ತ ನಿಂತ ಹಮಾಲಿಯ ನಿಲುವು ಅದರದು.

ಈ ಕುಲದ ಹುಟ್ಟು ಲಂಡನ್ನಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಗೋಡೆಗಳು ಲಾಟರಿ, ನಾಟಕ, ಹರಾಜುಗಳ ಭಿತ್ತಿಪತ್ರಗಳಿಂದ ತುಂಬಿದ್ದವು. ಪುಸ್ತಕಕ್ಕೆಂದು ಕೊರೆದ ಅಕ್ಷರಗಳು ಗೋಡೆಯ ಮೇಲೆ ಕಂಗೆಟ್ಟವು. ವಿನ್ಸೆಂಟ್ ಫಿಗಿನ್ಸ್ ಎಂಬ ಮೊಳೆ ಎರಕದವನು 1815-17ರ ಸುಮಾರಿಗೆ ‘ಆಂಟಿಕ್’ ಎಂಬ ಹೆಸರಿನಲ್ಲಿ ಇಂಥ ಅಕ್ಷರಗಳನ್ನು ಹೊರತಂದನು. ನೆಪೋಲಿಯನ್ನನ ದಂಡಯಾತ್ರೆಯ ಬಳಿಕ ಯೂರೋಪಿಗೆ ಹಿಡಿದಿದ್ದ ಈಜಿಪ್ಟಿನ ಗೀಳಿನ ದೆಸೆಯಿಂದ ಇವುಗಳಿಗೆ ‘ಈಜಿಪ್ಷಿಯನ್’ ಎಂಬ ಹೆಸರೂ ಅಂಟಿಕೊಂಡಿತು. ಈಜಿಪ್ಟಿನ ಲಿಪಿಗೂ ಇದಕ್ಕೂ ಯಾವ ನಂಟೂ ಇಲ್ಲ. ಹೆಸರುಗಳು ಹೀಗೆ ವಸ್ತುವಿಗಿಂತ ಕಾಲದ ಹುಚ್ಚನ್ನೇ ಹೆಚ್ಚು ಹೇಳುವುದುಂಟು.

ವಿದ್ಯಾರ್ಥಿಗಳು ನೆನಪಿಡಬೇಕಾದ ಇಸವಿ 1845. ಆ ವರ್ಷ ರಾಬರ್ಟ್ ಬೆಸ್ಲಿಯು ‘ಕ್ಲಾರೆಂಡನ್’ ಎಂಬ ಅಕ್ಷರಮಾಲೆಯನ್ನು ನೋಂದಾಯಿಸಿದನು. ಕಾನೂನಿನ ರಕ್ಷಣೆ ಮೂರೇ ವರ್ಷ. ಅದು ಮುಗಿದದ್ದೇ ತಡ ಉಳಿದವರೆಲ್ಲ ನಕಲು ಮಾಡಿದರು. ಕ್ಲಾರೆಂಡನ್ನಿನ ಹೊಸತನವೆಂದರೆ ಅದು ಗೋಡೆಯಿಂದ ಇಳಿದು ಪುಸ್ತಕದ ಒಳಗೆ ಬಂದುದು. ಸಾದಾ ಅಕ್ಷರದ ಸಾಲಿನಲ್ಲೇ ಕುಳಿತು ಒಂದು ಪದವನ್ನು ಮಾತ್ರ ಎತ್ತಿ ತೋರಿಸುವ ಕೆಲಸ ಅದಕ್ಕೆ ಒಲಿಯಿತು. ಆಕ್ಸ್‌ಫರ್ಡಿನ ಮಹಾನಿಘಂಟು 1884ರಿಂದ ಕಂತುಗಳಲ್ಲಿ ಹೊರಬರತೊಡಗಿದಾಗ ಮುಖ್ಯ ಉಲ್ಲೇಖಗಳಿಗೆ ಆರಿಸಿಕೊಂಡದ್ದು ಈ ಅಕ್ಷರವನ್ನೇ. ಅಲ್ಲಿಂದ ಹತ್ತು ವರ್ಷಕ್ಕೆ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ಲರ ನಿಘಂಟು ಬಂದಿತು. ಅಲ್ಲಿ ತಲೆಪದವನ್ನು ಎತ್ತಿ ತೋರಿಸುವ ಹೊಣೆಯನ್ನು ಲಿಪಿಯೇ ಹೊತ್ತುಕೊಂಡಿತು: ಕನ್ನಡದಲ್ಲಿ ಪದ, ಮಗ್ಗುಲಲ್ಲಿ ರೋಮನ್ ಲಿಪ್ಯಂತರ, ಮುಂದೆ ಇಂಗ್ಲಿಷಿನಲ್ಲಿ ಅರ್ಥ. ಇಂಗ್ಲಿಷ್ ಪುಟದಲ್ಲಿ ಕನ್ನಡದ ದುಂಡು ಅಕ್ಷರ ಕಾಣಿಸಿದರೆ ಸಾಕು, ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಕನ್ನಡದಿಂದ ಕನ್ನಡಕ್ಕೆ ಅರ್ಥ ಹೇಳುವ ನಿಘಂಟುಗಳಿಗೆ ಈ ಸೌಕರ್ಯವಿರಲಿಲ್ಲ. ಅಲ್ಲಿ ದಪ್ಪಕ್ಷರವಿಲ್ಲದೆ ನಡೆಯದು. ಓರೆ ಅಕ್ಷರದ ಪರಂಪರೆ ಕನ್ನಡಕ್ಕೆ ಇಲ್ಲದಿರುವುದರಿಂದ ಒತ್ತಿ ಹೇಳಬೇಕಾದ ಎಲ್ಲ ಭಾರವೂ ದಪ್ಪಕ್ಷರದ ಹೆಗಲಿಗೇ ಬೀಳುತ್ತದೆ.

ಇಷ್ಟು ಪೀಠಿಕೆಯನ್ನು ಪುಸ್ತಕಗಳಿಂದ ಕಲಿತು ಒಬ್ಬ ಸಂಶೋಧನ ವಿದ್ಯಾರ್ಥಿನಿ ಬಂದರಿಗೆ ಬಂದಳು. ಬಂದರಿನ ವಾಣಿಜ್ಯ ಕಟ್ಟಡಗಳ ಮೇಲಣ ಬರಹಗಳು ಅವಳ ವಿಷಯ. ಅವಳಿಗೆ ದಾರಿ ತೋರಿಸಿದವರು ಬಂದರಿನ ಗಲ್ಲಿಯೊಂದರ ಚಿಕ್ಕ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ವಯಸ್ಸು ಕಳೆದಿದ್ದ ಒಬ್ಬ ಹಿರಿಯರು. ಬಿಲ್ ಪುಸ್ತಕ, ರಶೀದಿ, ಸರಕಿನ ಚೀಟಿ, ಮದುವೆಯ ಕರೆಯೋಲೆ, ಯಕ್ಷಗಾನ ಬಯಲಾಟದ ಕರಪತ್ರ ಇವು ಅವರ ಕೈಯಿಂದ ಹೊರಟ ಸಾಹಿತ್ಯ. ಅವರು ಅಕ್ಷರವನ್ನು ಓದುತ್ತಿದ್ದುದು ತಿರುಗುಮುರುಗಾಗಿ, ಬಲದಿಂದ ಎಡಕ್ಕೆ; ನೇರವಾಗಿರುವ ಬರಹವನ್ನು ಓದುವಾಗ ಒಂದು ಕ್ಷಣ ತಡೆದು ಓದುವ ಅಭ್ಯಾಸ ಮುಪ್ಪಿನಲ್ಲೂ ಹೋಗಿರಲಿಲ್ಲ.

ಅವಳ ಮೊದಲ ಪ್ರಶ್ನೆಯೇ ಪುಸ್ತಕದ್ದಾಗಿತ್ತು. ‘ಅಜ್ಜ, ಕನ್ನಡದಲ್ಲಿ ಸ್ಲ್ಯಾಬ್ ಸೆರಿಫ್ ಉಂಟಾ?’ ಅವರು ಆ ಪದವನ್ನು ಕೇಳಿದವರಲ್ಲ. ವಿವರಿಸಿದ ಮೇಲೆ ನಕ್ಕರು. ‘ನಮ್ಮ ಅಕ್ಷರಕ್ಕೆ ಕಾಲು ಎಲ್ಲುಂಟು ಮಗಳೇ? ನಮ್ಮದಕ್ಕೆ ಇರುವುದು ತಲೆ.’

ಈ ಮಾತನ್ನು ಲಿಪಿಶಾಸ್ತ್ರದ ಕಡೆಯಿಂದಲೂ ಸಮರ್ಥಿಸಬಹುದು. ಕನ್ನಡ ಅಕ್ಷರ ಕೆಳಗೆ ದುಂಡಗಾಗಿ ಮುಗಿಯುತ್ತದೆ. ಅದಕ್ಕೆ ನೆಲವಿಲ್ಲ, ತೊಟ್ಟಿಲಿನಂತೆ ತೂಗುತ್ತದೆ. ಅಡ್ಡಗೆರೆ ಇರುವುದು ಮೇಲೆ, ತಲೆಕಟ್ಟಿನ ರೂಪದಲ್ಲಿ. ರೋಮನ್ ಅಕ್ಷರವು ಪಾದವನ್ನೂರಿ ನಿಂತರೆ ಕನ್ನಡದ ಅಕ್ಷರವು ತಲೆಕಟ್ಟಿನಿಂದ ಇಳಿಬಿದ್ದಿದೆ. ಹಾಗಾಗಿ ಸ್ಲ್ಯಾಬ್ ಸೆರಿಫಿನ ಗುಣವನ್ನು ಕನ್ನಡದಲ್ಲಿ ಅರಸುವವರು ತಲೆಕಟ್ಟನ್ನು ನೋಡಬೇಕು: ಅದು ಅಕ್ಷರದ ಒಡಲಿನಷ್ಟೇ ದಪ್ಪವಾಗಿ, ಚೌಕಟ್ಟಾದ ತುದಿಯೊಡನೆ ಕುಳಿತಾಗ ಆ ಗುಣ ಬರುತ್ತದೆ. ಆದರೆ ಎಲ್ಲ ಅಕ್ಷರಗಳಿಗೂ ತಲೆಕಟ್ಟಿಲ್ಲ. ಖ, ಜ, ಣ, ಬ, ಲ ಇವು ಬರಿದಲೆಯವು. ಕ ಎಂಬುದು ಕಿ ಆದೊಡನೆ ತಲೆಕಟ್ಟು ಮಾಯವಾಗಿ ಅಲ್ಲೊಂದು ಸುರುಳಿ ಬರುತ್ತದೆ. ರೋಮನ್ನಿನ ಸಾಲಿನಲ್ಲಿ ಪಾದಗಳು ಸೈನಿಕರಂತೆ ಒಂದೇ ಸಮನೆ ನಿಂತರೆ, ಕನ್ನಡದ ಸಾಲಿನ ಮಾಡು ಅಲ್ಲಲ್ಲಿ ಹಂಚು ಹಾರಿಹೋದ ಮಾಡಿನಂತೆ. ‘ಜಲ’ ಎಂದು ಬರೆದರೆ ಮಾಡೇ ಇಲ್ಲ. ಸ್ಲ್ಯಾಬ್ ಸೆರಿಫನ್ನು ಕನ್ನಡಕ್ಕೆ ಯಥಾವತ್ತಾಗಿ ತರಹೊರಟ ವಿನ್ಯಾಸಗಳು ಸಪ್ಪೆಯಾಗುವುದು ಇದರಿಂದಲೇ ಇರಬೇಕು.

ಇನ್ನೊಂದು ಸಂಗತಿ. ಅಕ್ಷರದ ಎಲ್ಲ ಗೆರೆಗಳೂ ಸಮದಪ್ಪವಾಗಿರಬೇಕೆಂಬುದು ಲಂಡನ್ನಿನ ಫಿಗಿನ್ಸನಿಗೆ ಹೊಸ ವಿಚಾರ; ಕನ್ನಡಕ್ಕೆ ಅದು ಹಳೆಯದು. ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ಗೆರೆಯು ಒಂದೇ ದಪ್ಪದಲ್ಲಿ ಸಾಗುತ್ತದೆ. ದಪ್ಪ-ತೆಳುವಿನ ಆಟ ಬೇಕಾದರೆ ಅಗಲ ಮೂತಿಯ ಲೇಖನಿ ಬೇಕು, ಶಾಯಿ ಬೇಕು, ಕಾಗದ ಬೇಕು. ಮೂಡುಬಿದಿರೆಯ ಭಂಡಾರಗಳ ಓಲೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದ ಅಕ್ಷರಕ್ಕೆ ದಪ್ಪ-ತೆಳುವಿನ ವ್ಯತ್ಯಾಸವು ಎದ್ದು ಕಾಣುವಂತೆ ಬಂದುದು ಅಚ್ಚುಮೊಳೆಯ ಕಾಲದಲ್ಲಿ. ಕೇರಿ 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಮೊಳೆಗಳಲ್ಲಿ ಅಚ್ಚುಹಾಕಿಸಿದ ಬಳಿಕ. ಮಂಗಳೂರಿನಲ್ಲಿಯೇ ಮುದ್ರಣವು ಮೊಳೆಯಿಂದ ಆರಂಭವಾದದ್ದಲ್ಲ. 1841ರಲ್ಲಿ ಇಲ್ಲಿಗೆ ಬಂದದ್ದು ಕಲ್ಲಚ್ಚು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹದಲ್ಲಿ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ ಮೊಳೆಯ ಮುದ್ರಣವನ್ನು ಕಂಡಿತು.

ಹಿರಿಯರ ಅನುಭವದಲ್ಲಿ ದಪ್ಪಕ್ಷರದ ದೊಡ್ಡ ಸಂಕಟವೆಂದರೆ ಮಹಾಪ್ರಾಣ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಪುಟ್ಟ ಗೀಟು, ಶಾಲೆಯ ಮಕ್ಕಳು ‘ಹೊಕ್ಕುಳು ಸೀಳು’ ಎನ್ನುವ ಗೀಟು. ಅಕ್ಷರವನ್ನು ದಪ್ಪಮಾಡಿದಷ್ಟೂ ಆ ಗೀಟು ಹೊಟ್ಟೆಯಲ್ಲಿ ಹೂತುಹೋಗುತ್ತದೆ. ಶಾಯಿ ಸ್ವಲ್ಪ ಹೆಚ್ಚಾದರೆ ಠ ಎಂಬುದರ ನಡುಬೊಟ್ಟು ಸುತ್ತಲಿನ ಗೆರೆಗೆ ಅಂಟಿ ಕಪ್ಪು ಉಂಡೆಯಾಗುತ್ತದೆ. ಒತ್ತಕ್ಷರಗಳ ಪಾಡಂತೂ ಹೇಳತೀರದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲುಗಳ ನಡುವೆ ಸೀಸದ ಪಟ್ಟಿಗಳನ್ನು ತುಂಬಬೇಕು. ಹಾಗೆ ತುಂಬಿದರೆ ಕರಪತ್ರ ಒಂದು ಹಾಳೆಯಲ್ಲಿ ಮುಗಿಯದು. ಮುಗಿಯದಿದ್ದರೆ ಗಿರಾಕಿ ಬಿಡನು.

ಇದಕ್ಕೆ ಬಡತನವೂ ಸೇರಿಕೊಂಡಿತು. ಗುಣಿತ, ಒತ್ತುಗಳೆಲ್ಲ ಸೇರಿ ಕನ್ನಡದ ಒಂದು ಕೇಸಿಗೆ ನೂರಾರು ಬಗೆಯ ಮೊಳೆಗಳು ಬೇಕು. ಸಣ್ಣ ಅಚ್ಚುಕೂಟಗಳು ದೊಡ್ಡ ಗಾತ್ರದ ಬ್ಲ್ಯಾಕನ್ನು ಕೊಂಡರೂ ಪ್ರತಿ ಅಕ್ಷರಕ್ಕೆ ಕೆಲವೇ ಮೊಳೆಗಳನ್ನು ಕೊಳ್ಳುತ್ತಿದ್ದವು. ದ ಬೇಗ ಮುಗಿಯುತ್ತಿತ್ತು, ಧ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಆಗ ಒಂದು ಉಪಾಯ. ‘ಅರ ತೆಗೆದುಕೊಂಡು ಧ ಅಕ್ಷರದ ಗೀಟು ಉಜ್ಜಿ ಹಾಕುವುದು. ದ ಆಯ್ತಲ್ಲ. ಅವತ್ತಿನ ಕೆಲಸ ಆಯ್ತು. ಆದರೆ ಉಜ್ಜಿದ ಗೀಟು ತಿರುಗಿ ಬರ್ತದಾ?’ ಹೀಗೆ ಒಂದೊಂದೇ ಧ ಸಾಯುತ್ತ ಬಂದು, ಬಂದರಿನ ಒಬ್ಬ ಧಾನ್ಯ ವ್ಯಾಪಾರಿಯ ಬಿಲ್ ಪುಸ್ತಕದ ತಲೆಬರಹಕ್ಕೆ ಬೇಕಾದಾಗ ಒಂದೂ ಉಳಿದಿರಲಿಲ್ಲ. ‘ದಾನ್ಯ’ ಎಂದೇ ಅಚ್ಚಾಯಿತು. ವ್ಯಾಪಾರಿ ಗಮನಿಸಲಿಲ್ಲ, ಅವರ ಶಾಲೆಗೆ ಹೋಗುವ ಮಗ ಗಮನಿಸಿದ. ಪುಸ್ತಕಗಳು ಮರಳಿ ಬಂದವು, ಕಾಗದದ ಖರ್ಚು ಸಂಬಳದಲ್ಲಿ ಕಡಿತವಾಯಿತು. ಕನ್ನಡದ ವರ್ಣಗಳು 47 ಎಂದು ಲೆಕ್ಕ ಹಾಕಿದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟೆಲ್ಲರು 1872ರಲ್ಲಿ ಇದೇ ಊರಿನಲ್ಲಿ ಅಚ್ಚುಹಾಕಿಸಿದ್ದರು. ಅದೇ ಊರಿನ ಒಂದು ಗಲ್ಲಿಯಲ್ಲಿ ಒಂದು ವರ್ಣವು ಅರದ ಬಾಯಿಗೆ ಹೋದುದು ವರ್ಣಮಾಲೆಯ ಚರಿತ್ರೆಯಲ್ಲಿ ಯಾರೂ ಬರೆಯುವ ಸಂಗತಿಯಲ್ಲ. ಆದರೆ ಬೀದಿಬರಹಗಳಲ್ಲಿ ಮಹಾಪ್ರಾಣವಿಲ್ಲದ್ದನ್ನು ಕಂಡೊಡನೆ ಬರೆದವರ ಅಜ್ಞಾನವೆಂದೋ, ಉಚ್ಚಾರಣೆಯ ಪ್ರಭಾವವೆಂದೋ ತೀರ್ಮಾನಿಸುವ ಸಂಶೋಧಕರು ಈ ಅರವನ್ನೂ ಸ್ವಲ್ಪ ನೆನೆಯಬೇಕು.

ಗೋಣಿಚೀಲದ ಮಾರ್ಕಿನಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಅಕ್ಷರವನ್ನು ತಗಡಿನಲ್ಲಿ ಕತ್ತರಿಸಿ ತೆಗೆದು, ಆ ಕಿಂಡಿಯ ಮೂಲಕ ಬಣ್ಣ ಹಚ್ಚುತ್ತಾರೆ. ಮುಚ್ಚಿದ ಹೊಟ್ಟೆಯ ಅಕ್ಷರವನ್ನು ಕತ್ತರಿಸಿದರೆ ಒಳಗಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆಗಳನ್ನು ಬಿಡಬೇಕು. ಸೇತುವೆ ಬಿಡದೆ ಕತ್ತರಿಸಿದ ಅನುಸ್ವಾರದ ಸೊನ್ನೆ ಬರಿಯ ಬೊಟ್ಟಾಗುತ್ತದೆ. ದಪ್ಪ ಗೆರೆಯ ರೋಮನ್ ದೊಡ್ಡಕ್ಷರಗಳು ಈ ಕತ್ತರಿಯನ್ನು ಚೆನ್ನಾಗಿ ತಾಳಿಕೊಂಡವು. ಬಂದರಿನ ಮೂಟೆಗಳಲ್ಲಿ ಬಹುಕಾಲ ಇಂಗ್ಲಿಷ್ ಅಕ್ಷರಗಳೇ ಮೆರೆದುದಕ್ಕೆ ಹೊರದೇಶದ ವ್ಯಾಪಾರವೇ ಮುಖ್ಯ ಕಾರಣ. ತಗಡು ಕತ್ತರಿಸುವವನ ಅನುಕೂಲವೂ ಅದಕ್ಕೆ ಜೊತೆಗೂಡಿರಬಹುದು. ಕಚೇರಿಯ ಒಳಗೆ ಸರಕಿನ ಪತ್ರಗಳನ್ನು ಬಡಿಯುತ್ತಿದ್ದ ಬೆರಳಚ್ಚು ಯಂತ್ರದ ಅಕ್ಷರವೂ ಇದೇ ಹಲಗೆಪಾದದ ಕುಲದ್ದು, ಬಡಕಲು ಶಾಖೆ. ಎಲ್ಲ ಅಕ್ಷರಗಳಿಗೂ ಒಂದೇ ಅಗಲದ ಜಾಗವಿದ್ದುದರಿಂದ ಸಣಕಲು ಅಕ್ಷರಗಳಿಗೆ ಅಗಲ ಪಾದ ಕೊಟ್ಟು ಜಾಗ ತುಂಬಿಸಿದರು.

ಇನ್ನು ಹಂಚು. ವಿದ್ಯಾರ್ಥಿನಿಯ ಪ್ರಬಂಧದ ಒಂದು ಅಧ್ಯಾಯವೇ ಹಂಚಿನ ಮೇಲೆ ನಿಂತಿತ್ತು. ಬಂದರಿನ ಐದು ಗೋದಾಮುಗಳ ಒಳಗೆ ಅವಳು ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್’ ಎಂಬ ಇಂಗ್ಲಿಷ್ ಬರಹವನ್ನೂ 1865 ಎಂಬ ಇಸವಿಯನ್ನೂ ಕಂಡಿದ್ದಳು. ಐದೂ ಕಟ್ಟಡಗಳು 1865ರವು ಎಂದು ಬರೆದು, ಅದರಿಂದ ಬಂದರಿನ ವಿಸ್ತರಣೆಯ ಒಂದು ಕಾಲಾನುಕ್ರಮಣಿಕೆಯನ್ನೇ ಕಟ್ಟಿದ್ದಳು. ಅಕ್ಷರಗಳು ಉಬ್ಬಿ ನಿಂತಿದ್ದವು, ದಪ್ಪವಾಗಿದ್ದವು, ಸಂಶಯಕ್ಕೆ ಎಡೆಗೊಡುವಂತಿರಲಿಲ್ಲ.

ಹಿರಿಯರು ಮಾಡನ್ನು ನೋಡಿ, ಅವಳ ಟಿಪ್ಪಣಿ ಪುಸ್ತಕವನ್ನು ನೋಡಿದರು. ‘ಅದು ಕಟ್ಟಡದ ಜಾತಕ ಅಲ್ಲ ಮಗಳೇ. ಹಂಚಿನ ಕಾರ್ಖಾನೆಯ ಜಾತಕ.’

ಕಾರ್ಖಾನೆ ಹುಟ್ಟಿದ ವರ್ಷ 1865. ಜೆಪ್ಪುವಿನಲ್ಲಿ ಅದನ್ನು ಆರಂಭಿಸಿದ ಜಾರ್ಜ್ ಪ್ಲೆಬ್ಸ್ಟ್ ಅದಕ್ಕೆ ಮುನ್ನ ಮಿಷನ್ನಿನ ಮುದ್ರಣಾಲಯದ ಯಂತ್ರಗಳನ್ನು ನೋಡಿಕೊಂಡವರು. ಸೀಸದ ಅಕ್ಷರವನ್ನು ಕಾಗದಕ್ಕೆ ಒತ್ತುವುದನ್ನು ಬಲ್ಲವರೇ ಜೇಡಿಗೆ ಅಕ್ಷರವನ್ನು ಒತ್ತುವ ಕೆಲಸಕ್ಕೂ ಮೊದಲಿಗರಾದರೆಂಬುದು ಈ ಊರಿನ ಮುದ್ರಣಚರಿತ್ರೆಯಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಒಳ್ಳೆಯದು. ಆದರೆ ಸುಟ್ಟ ಮಣ್ಣಿನಲ್ಲಿ ಕೂದಲೆಳೆಯ ಗೆರೆ ನಿಲ್ಲುವುದಿಲ್ಲ. ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತದೆ, ಸುಡುವಾಗ ಮಾಯುತ್ತದೆ. ಆದುದರಿಂದ ಹಂಚಿನ ಅಕ್ಷರ ಮೊಂಡಾಗಿರಲೇಬೇಕು. ಅವುಗಳನ್ನು ಕಟ್ಟುನಿಟ್ಟಾಗಿ ಸ್ಲ್ಯಾಬ್ ಸೆರಿಫ್ ಎನ್ನಲಾಗದು. ಪಾದವೇ ಇಲ್ಲದವು ಬಹಳ. ಇದ್ದರೆ ಮಾತ್ರ ಆ ಪಾದ ಕಂಬದಷ್ಟೇ ದಪ್ಪ. ಲಂಡನ್ನಿನ ಭಿತ್ತಿಪತ್ರ ಯಾವ ರೂಪವನ್ನು ಗಮನ ಸೆಳೆಯಲು ಆರಿಸಿಕೊಂಡಿತೋ ಅದನ್ನೇ ಇಲ್ಲಿ ಆವೆಯ ಬೆಂಕಿ ನಿರ್ಬಂಧದಿಂದ ಆರಿಸಿತು.

1865 ಎಂಬ ಅಂಕಿ ವ್ಯಾಪಾರದ ಹೆಮ್ಮೆಯಾಗಿ ಅಚ್ಚಿನಲ್ಲಿ ಉಳಿದುಕೊಂಡಿತು. ಮುಂದಿನ ದಶಕಗಳ ಹಂಚಿಗೂ ಅದೇ ಇಸವಿ. ಹಂಚಿನ ಕಾಲವನ್ನು ಸ್ಥೂಲವಾಗಿ ಹೇಳಬಲ್ಲದ್ದು ಇಸವಿಗಿಂತ ಹೆಸರು: ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಉದ್ಯಮಗಳು ಕೈತಪ್ಪಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಅದೂ ಹಂಚಿನ ಕಾಲವೇ ಹೊರತು ಕಟ್ಟಡದ್ದಲ್ಲ. ಮಂಗಳೂರಿನ ಮಳೆಗೆ ಹಂಚು ಒಡೆಯುತ್ತದೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಾಡಿಗೆ ಹತ್ತಿ ಒಡೆದುದನ್ನು ತೆಗೆದು ಬೇರೆಯದನ್ನು ಕೂರಿಸುತ್ತಾರೆ. ಕೆಡವಿದ ಮನೆಯ ಹಂಚು ಇನ್ನೊಂದು ಮನೆಗೆ ಹೋಗುತ್ತದೆ. ಕಾರ್ಕಳದ 1432ರ ಶಾಸನವನ್ನೋ ವೇಣೂರಿನ 1604ರ ಶಾಸನವನ್ನೋ ಓದುವವರು ಕಲ್ಲು ಮೂಲದಲ್ಲಿ ಎಲ್ಲಿತ್ತು, ಶಕವರ್ಷಕ್ಕೂ ತಿಥಿವಾರಗಳಿಗೂ ಹೊಂದಿಕೆಯುಂಟೆ ಎಂದು ಪರೀಕ್ಷಿಸದೆ ಮುಂದೆ ಹೋಗುವುದಿಲ್ಲ. ಹಂಚಿಗೆ ಆ ಮರ್ಯಾದೆಯನ್ನು ಯಾರೂ ಕೊಟ್ಟಿಲ್ಲ. ಮಂಗಳೂರಿನ ಎಷ್ಟೋ ಮನೆಗಳ ಪರಿಚಯಬರಹಗಳಲ್ಲಿ 1865 ಎಂಬ ಇಸವಿ ಹೀಗೆಯೇ ಮಾಡಿನಿಂದ ಇಳಿದು ಕಾಗದಕ್ಕೆ ಬಂದಿರುತ್ತದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷದ ದುಡಿಮೆ ಅದು. ‘ಹಾಗಾದ್ರೆ ಅಜ್ಜ, ನನ್ನ ಅಧ್ಯಾಯ ಪೂರ್ತಿ ಹೋಯ್ತಾ?’ ಎಂದಳು.

‘ಎಂತ ಹೋಗುವುದು ಮಾರಾಯ್ತಿ? ಫಾರಂ ಬಿಚ್ಚಿ ಮತ್ತೆ ಕಟ್ಟುವುದು. ಮೊಳೆ ಎಲ್ಲ ಇಲ್ಲೇ ಉಂಟಲ್ಲ.’

ಮತ್ತೆ ಕಟ್ಟುವ ಕೆಲಸಕ್ಕೆ ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ಪಣಂಬೂರಿನ ಹೊಸ ಬಂದರು 1970ರ ದಶಕದಲ್ಲಿ ಆರಂಭವಾದ ಮೇಲೆ ದೊಡ್ಡ ಹಡಗುಗಳ ಸರಕು ಅತ್ತ ಹೋಯಿತು. ಹಳೆಯ ಬಂದರಿಗೆ ಉಳಿದದ್ದು ಮೀನುಗಾರಿಕೆಯ ಧಕ್ಕೆ, ಲಕ್ಷದ್ವೀಪದ ಮಂಜಿಗಳು, ಸಗಟು ಅಂಗಡಿಗಳು. ಗೋದಾಮುಗಳ ಮಾಡಿಗೆ ತಗಡು ಬರುತ್ತಿದೆ. ಗೋಡೆಯ ಬಣ್ಣದ ಬರಹಗಳ ಮೇಲೆ ಫ್ಲೆಕ್ಸ್ ಬೋರ್ಡು ಕುಳಿತಿದೆ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯಿದೆಯಾಯಿತು; ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಜಾಗವನ್ನು ತುಂಬಿಸುವ ಅವಸರದಲ್ಲಿ ತೆಳು ಅಕ್ಷರವನ್ನು ಗಣಕದಲ್ಲಿ ಬಲವಂತವಾಗಿ ಉಬ್ಬಿಸಿ, ಅಡ್ಡಕ್ಕೆ ಎಳೆದು ಹಾಕಿದ ಫಲಕಗಳೇ ಹೆಚ್ಚು. ಅಲ್ಲಿ ಹೊಕ್ಕುಳು ಸೀಳು ಮತ್ತೆ ಹೂತುಹೋಗಿದೆ, ಈ ಸಲ ಅರವಿಲ್ಲದೆ. ದಪ್ಪವಾಗಿಯೇ ಹುಟ್ಟಿದ ಕನ್ನಡ ಅಕ್ಷರಗಳು ಇಲ್ಲದಿಲ್ಲ. ಮುಕ್ತವಾಗಿ ದೊರೆಯುವ ‘ಬಾಲೂ ತಮ್ಮ’ ಒಂದು ಉದಾಹರಣೆ. ಅದರ ತುದಿಗಳು ಹಲಗೆಯಂತಲ್ಲ, ದುಂಡಗೆ. ಕನ್ನಡಕ್ಕೆ ಅದೇ ಸಹಜವೆನ್ನಿಸುತ್ತದೆ.

ಐದು ಗೋದಾಮುಗಳಲ್ಲಿ ಒಂದರ ಮಾಡನ್ನು ಮುಂದಿನ ಮಳೆಗಾಲಕ್ಕೆ ಮೊದಲು ಬಿಚ್ಚಿದರು. ಹಂಚುಗಳನ್ನು ಅಂಗಳದಲ್ಲಿ ಸಾಲಾಗಿ ಒಟ್ಟಿ, ಎಣಿಸಿ ಮಾರುತ್ತಿದ್ದರು. ವಿದ್ಯಾರ್ಥಿನಿ ಸಾಲಿನಿಂದ ಸಾಲಿಗೆ ಹೋಗಿ ಒಂದೊಂದು ಹೆಸರಿನ ಹಂಚು ಎಷ್ಟೆಷ್ಟು ಎಂದು ಬರೆದುಕೊಂಡಳು. ಒಂದೇ ಮಾಡಿನಲ್ಲಿ ಹಲವು ಕಾರ್ಖಾನೆಗಳ ಹೆಸರುಗಳಿದ್ದವು. ಕೊನೆಗೆ ನಾಲ್ಕನ್ನು ಕೊಂಡಳು. ಹಿರಿಯರು ಒಂದನ್ನು ಮೊಣಕಾಲ ಮೇಲಿರಿಸಿಕೊಂಡು, ಕನ್ನಡಕವಿಲ್ಲದೆ, ಹೆಬ್ಬೆರಳಿನಿಂದ ಬಲಗಡೆಯಿಂದ ಎಡಕ್ಕೆ ಸವರಿದರು. ‘ಎಂಟರ ಹೊಟ್ಟೆ ತುಂಬಿದೆ’ ಎಂದು ಹೇಳಿ, ನೆಲದಲ್ಲಿ ಬಿದ್ದಿದ್ದ ತುಕ್ಕುಮೊಳೆಯೊಂದನ್ನು ಹೆಕ್ಕಿ ಅದರೊಳಗಿನ ಮಸಿಯನ್ನು ಕೆದಕತೊಡಗಿದರು.